ಒಗ್ಗರಣೆ ಇಲ್ದೆ ಅಡಿಗೆ: ಮನೇಲೇ ಕೊರಿಯನ್ ಊಟ ಮಾಡ್ಕೊಳ್ಳೋದು ಹೇಗೆ

ಮೊದಲ್ನೇ ಸಲ ಕಿಮ್ಚಿ, ಅಂದ್ರೆ ಕೊರಿಯನ್ನರ ಕೋಸಿನ ಉಪ್ಪಿನಕಾಯಿ, ಮಾಡಿದಾಗ ನಾನು ಅದಕ್ಕೆ ಸಾಸಿವೆ, ಇಂಗು ಹಾಕಿ ಒಗ್ಗರಣೆ ಕೊಟ್ಟಿದ್ದೆ. ನಗ್ರಿ ಪರ್ವಾಗಿಲ್ಲ. ಕೊರಿಯಾದ ಸುವಾನ್‌ಗೆ ಕೆಲಸಕ್ಕೆ ಅಂತ ಬಂದು ಎರಡು ತಿಂಗಳಾಗಿತ್ತು, ಒಂದೇ ರೂಮಿನ ಮನೆ, ಊರಿಂದ ಅಮ್ಮ ಕಟ್ಟಿಕೊಟ್ಟಿದ್ದ ಖಾರದಪುಡಿ ಇತ್ತಲ್ಲ, ಕೆಂಪಗಿರೋದೆಲ್ಲ ಒಂದೇ ಅಂದ್ಕೊಂಡು ಅದನ್ನೇ ಅರ್ಧ ಕಪ್ ಸುರಿದು, ಮೇಲೆ ಚಟಪಟ ಅನ್ನಿಸಿ, ಕೆಳಗಿನ ಮನೆ ಓನರ್ ಅಜ್ಜಿಗೂ ಒಂದು ಬಟ್ಟಲು ಕೊಟ್ಟು ಬಂದೆ. ಅಜ್ಜಿ ಒಂದು ತುಂಡು ಬಾಯಿಗಿಟ್ರು, ಎರಡು ಲೋಟ ನೀರು ಕುಡಿದ್ರು, ಏನೂ ಹೇಳ್ಲಿಲ್ಲ. ಮಾರನೇ ದಿನ ಬಾಗ್ಲು ತಟ್ಟಿ ಹಸಿರು ಸೋಜು ಬಾಟ್ಲಿ ಒಂದನ್ನ ಕೈಗಿಟ್ರು. ಅಯ್ಯೋ, ಬೆಳಿಗ್ಗೆ ಬೆಳಿಗ್ಗೆ ಹೆಂಡ ಕೊಡ್ತಿದಾರಲ್ಲ ಅಂತ ಮುಚ್ಚಳ ತೆಗೆದ್ರೆ ಹುರಿದ ಎಳ್ಳಿನ ಘಮ ರೂಮೆಲ್ಲ ತುಂಬ್ಕೊಳ್ತು. ಇಲ್ಲಿ ಹಳೇ ಮಾರ್ಕೆಟ್‌ಗಳಲ್ಲಿ ಬಾಂಗಾತ್‌ಗಾನ್ ಅಂತ ಅಂಗಡಿ ಇರ್ತವೆ, ನಮ್ಮೂರ ಹಿಟ್ಟಿನ ಗಿರಣಿ ಥರಾನೇ, ಒಂದೇ ಕಡೆ ಮೆಣಸಿನಕಾಯಿ ಪುಡಿ ಮಾಡ್ಕೊಡ್ತಾರೆ, ಅಕ್ಕಿಹಿಟ್ಟು ಬೀಸ್ಕೊಡ್ತಾರೆ, ಎಳ್ಳು ಹುರಿದು ಕಣ್ಣೆದುರೇ ಎಣ್ಣೆ ತೆಗೆದು ಖಾಲಿ ಸೋಜು ಬಾಟ್ಲಿಗೆ ತುಂಬಿಸಿ ಕೊಡ್ತಾರೆ.

ಬಾಟ್ಲಿ ಕೊಡ್ತಾ ಅಜ್ಜಿ ಸ್ಟವ್ ಕಡೆ ಕೈ ತೋರ್ಸಿ ಬೇಡ ಬೇಡ ಅಂದ್ರು, ತಟ್ಟೆ ಕಡೆ ತೋರ್ಸಿ ಹೂಂ ಅಂದ್ರು. ಅಷ್ಟೇ ಪಾಠ. ಎಣ್ಣೆ ಕಾಯಿಸ್ಬೇಡ, ಕೊನೇಲಿ ಹಾಕು. ಇದು ಅರ್ಥ ಆಗೋಕೆ ನಂಗೆ ಸುಮಾರು ಆರು ತಿಂಗಳು ಹಿಡೀತು. ನಮ್ಮ ಕೈ ಹೆಂಗೆ ಪಳಗಿದೆ ಅಂದ್ರೆ ಬಾಣಲೆ ಇಟ್ಟ ತಕ್ಷಣ ಎಣ್ಣೆ, ಸಾಸಿವೆ, ಕರಿಬೇವು, ಆಮೇಲೆ ಈರುಳ್ಳಿ ಬಾಡ್ಸು, ಮಸಾಲೆ ಹಸಿವಾಸನೆ ಹೋಗೋವರೆಗೂ ಹುರಿ. ಕೊರಿಯನ್ ಮನೆ ಅಡಿಗೇಲಿ ಆ ಕೆಲ್ಸಾನ ಮುಕ್ಕಾಲು ಪಾಲು ಜಾಡಿ ಮೊದಲೇ ಮಾಡಿ ಮುಗಿಸಿರುತ್ತೆ, ತಿಂಗಳುಗಟ್ಲೆ ಹುಳಿ ಬಂದು ಕೊಳೆತು ಮಾಗಿರೋ ಪೇಸ್ಟ್‌ನ ನೀರಿಗೆ ಕದಡೋದಷ್ಟೇ ನಿಮ್ಮ ಕೆಲಸ. ಬೆಳ್ಳುಳ್ಳಿ ಹಸಿದೇ ಬೀಳುತ್ತೆ, ಎಳ್ಳೆಣ್ಣೆ ಒಲೆ ಆರಿಸಿದ ಮೇಲೆ ಬೀಳುತ್ತೆ. ಹಂಗಂತ ಎಲ್ಲಾ ಕಡೆ ಅಲ್ಲ, ಬಾಣಂತಿಯರಿಗೆ, ಹುಟ್ಟುಹಬ್ಬಕ್ಕೆ ಮಾಡೋ ಮಿಯೊಕ್‌ಗುಕ್ ಅನ್ನೋ ಸಮುದ್ರ ಪಾಚಿ ಸಾರಿಗೆ ಪಾಚಿನ ಮೊದಲೇ ಎಳ್ಳೆಣ್ಣೇಲಿ ಹುರೀತಾರೆ. ಆದ್ರೂ ಕಲಿಯೋ ದಿನಗಳಲ್ಲಿ ಒಗ್ಗರಣೆ ಸೌಟು ಎತ್ತಿ ಮೇಲಿನ ಶೆಲ್ಫಲ್ಲಿ ಇಟ್ಬಿಡಿ.

ಮೊದಲು ಸಾಮಾನು

ಡಬ್ಬದ ಬಣ್ಣ ನೋಡಿ ತಗೊಳ್ಳಿ, ಕೊರಿಯನ್ ಓದೋಕೆ ಬರಲ್ಲ ಅಂದ್ರೂ ನಡಿಯುತ್ತೆ. ಕೆಂಪು ಡಬ್ಬ ಗೊಚುಜಾಂಗ್, ಮೆಣಸಿನಕಾಯಿ ಪೇಸ್ಟ್. ಕಂದು ಡಬ್ಬ ದ್ವೆನ್‌ಜಾಂಗ್, ಸೋಯಾ ಕಾಳಿನ ಪೇಸ್ಟ್. ಹಸಿರು ಡಬ್ಬ ಸಾಮ್‌ಜಾಂಗ್, ಅದು ಇವೆರಡನ್ನೂ ಬೆರೆಸಿ ಮಾಡಿರೋದು, ಲೆಟಿಸ್ ಎಲೇಲಿ ಅನ್ನ ಸುತ್ಕೊಂಡು ತಿನ್ನುವಾಗ ಹಚ್ಕೊಳ್ಳೋಕೆ, ಸದ್ಯಕ್ಕೆ ಬೇಡ. ದ್ವೆನ್‌ಜಾಂಗ್ ಹುಟ್ಟೋ ರೀತಿ ಕೇಳಿದ್ರೆ ಇದಕ್ಕೆ ಯಾಕೆ ಮಸಾಲೆ ಬೇಕಾಗಲ್ಲ ಅಂತ ಗೊತ್ತಾಗುತ್ತೆ. ಸೋಯಾ ಕಾಳು ಬೇಯಿಸಿ, ಕುಟ್ಟಿ, ಇಟ್ಟಿಗೆ ಥರ ತಟ್ಟಿ, ಭತ್ತದ ಹುಲ್ಲಿನ ಹಗ್ಗದಲ್ಲಿ ನೇತು ಹಾಕ್ತಾರೆ, ಹುಲ್ಲಲ್ಲಿರೋ ಬ್ಯಾಕ್ಟೀರಿಯಾ ಅದಕ್ಕೆ ಹತ್ಕೊಳ್ಳುತ್ತೆ. ಆಮೇಲೆ ಆ ಇಟ್ಟಿಗೆಗಳ್ನ ದೊಡ್ಡ ಮಣ್ಣಿನ ಜಾಡೀಲಿ ಉಪ್ಪುನೀರಿಗೆ ಹಾಕಿ, ಮೇಲೆ ಇದ್ದಿಲು, ಒಣಮೆಣಸಿನಕಾಯಿ ತೇಲಿಬಿಟ್ಟು 40ರಿಂದ 60 ದಿನ ಬಿಡ್ತಾರೆ. ಮೇಲೆ ನಿಂತ ಕಪ್ಪು ನೀರು ಸೋಯಾ ಸಾಸ್, ಕೆಳಗೆ ಉಳಿದ ಮುದ್ದೆ ದ್ವೆನ್‌ಜಾಂಗ್, ಅದು ಮತ್ತೆ ತಿಂಗಳುಗಟ್ಲೆ ಮಾಗುತ್ತೆ. 2024ರ ಡಿಸೆಂಬರಲ್ಲಿ ಯುನೆಸ್ಕೊ ಇಂಥ ಪೇಸ್ಟ್, ಸಾಸ್ ಅಂದ್ರೆ ಜಾಂಗ್ ಮಾಡೋ ಪದ್ಧತೀನ ತನ್ನ ಪರಂಪರೆ ಪಟ್ಟಿಗೆ ಸೇರಿಸ್ಕೊಂಡಿದೆ. ಮನೇಲಿ ಮಾಡೋಕೆ ಹೋಗ್ಬೇಡಿ, ಅಪಾರ್ಟ್‌ಮೆಂಟ್‌ನವರು ವಾಸನೆಗೆ ಮನೆ ಖಾಲಿ ಮಾಡ್ಸಿಬಿಡ್ತಾರೆ, ಡಬ್ಬದ್ದೇ ತಗೊಳ್ಳಿ.

ಸೋಯಾ ಸಾಸಲ್ಲಿ ಎರಡು ಜಾತಿ ಗೊತ್ತಿದ್ರೆ ಸಾಕು. ಗುಕ್‌ಗಾನ್‌ಜಾಂಗ್ ಅನ್ನೋದು ಸಾರಿಗೆ, ಸೊಪ್ಪಿಗೆ, ಬಣ್ಣ ತಿಳಿ, ಉಪ್ಪು ಜಾಸ್ತಿ. ಇನ್ನೊಂದು ಮಾಮೂಲಿ ಕಪ್ಪಗಿರೋದು, ಸ್ವಲ್ಪ ಸಿಹಿ, ಅದ್ದಿ ತಿನ್ನೋಕೆ, ಹುರಿಯೋಕೆ. ನಮ್ಮ ಕಡೆ ಗೋಬಿ ಮಂಚೂರಿಗೆ ಹಾಕೋ ಸೋಯಾ ಸಾಸ್ ಮಾತ್ರ ದಯವಿಟ್ಟು ಬೇಡ. ಎಳ್ಳೆಣ್ಣೇನೂ ಅಷ್ಟೇ, ನಮ್ಮ ಗಾಣದ ಎಳ್ಳೆಣ್ಣೆ ಎಷ್ಟೇ ಒಳ್ಳೇದಾದ್ರೂ ಅದು ಹಸಿ ಎಳ್ಳಿಂದು, ಇಲ್ಲಿಂದು ಚೆನ್ನಾಗಿ ಹುರಿದ ಎಳ್ಳಿಂದು, ಬಣ್ಣಾನೇ ಕಂದು. ಸಿಗಲೇ ಇಲ್ಲ ಅಂದ್ರೆ ಎಳ್ಳನ್ನ ಹೊಂಬಣ್ಣ ಬರೋವರೆಗೂ ಹುರಿದು ಕುಟ್ಟಿ ಮೇಲೆ ಉದುರಿಸಿ, ಘಮ ಅರ್ಧ ಆದ್ರೂ ಬರುತ್ತೆ.

ಇನ್ನು ಗೊಚುಗಾರು, ಮೆಣಸಿನಪುಡಿ. ನಾನು ಎಡವಿದ್ದು ಇಲ್ಲೇ. ಬಿಸಿಲಲ್ಲಿ ಒಣಗಿಸಿ, ಬೀಜ ಹೆಚ್ಚುಕಮ್ಮಿ ಎಲ್ಲಾ ತೆಗೆದು, ತರಿತರಿಯಾಗಿ ಪುಡಿ ಮಾಡಿರ್ತಾರೆ, ಬಣ್ಣ ಜೋರು, ಖಾರ ಕಮ್ಮಿ, ಸ್ವಲ್ಪ ಹಣ್ಣಿನ ಥರ ಸಿಹಿ. ಗುಂಟೂರಿಂದೋ ಇನ್ನೊಂದೋ ಖಾರದಪುಡಿ ಅದೇ ಅಳತೇಲಿ ಹಾಕಿದ್ರೆ ಆಸ್ಪತ್ರೆ ಗತಿ. ನಮ್ಮಲ್ಲಿ ಇದಕ್ಕೆ ಹತ್ರದ ಸಂಬಂಧಿ ಅಂದ್ರೆ ಹಾವೇರಿ ಕಡೆ ಬ್ಯಾಡಗಿ ಮೆಣಸಿನಕಾಯಿ, ಅದೂ ಬಣ್ಣದ ಹುಲಿ, ಖಾರದ ಬೆಕ್ಕು. ಬೀಜ ಪೂರ್ತಿ ಉದುರಿಸಿ, ಮಿಕ್ಸೀಲಿ ಎರಡೇ ಸುತ್ತು ಬಿಟ್ಟು ಬಿಟ್ಟು ತಿರುಗಿಸಿ, ನುಣ್ಣಗೆ ಮಾಡ್ಬೇಡಿ. ಪೂರ್ತಿ ಅದೇ ರುಚಿ ಬರಲ್ಲ, ಆದ್ರೆ ತಿನ್ನೋ ಹಂಗಿರುತ್ತೆ. ತಮಾಷೆ ಏನಂದ್ರೆ ಮೆಣಸಿನಕಾಯಿ ಕೊರಿಯಾಗೂ ಹೊರಗಿಂದ ಬಂದಿದ್ದೇ, 16ನೇ ಶತಮಾನದ ಕೊನೆ ಹೊತ್ತಿಗೆ ಅಂತಾರೆ. ಅದಕ್ಕೂ ಮುಂಚೆ ಕಿಮ್ಚಿ ಬೆಳ್ಳಗೇ ಇತ್ತು, ಈಗ್ಲೂ ಬೆಕ್‌ಕಿಮ್ಚಿ ಅಂತ ಬಿಳೀದು ಮಾಡ್ತಾರೆ, ಮಕ್ಕಳಿರೋ ಮನೇಲಿ ಅದು ಬೆಸ್ಟು.

ಅಳತೆಗೆ ತಲೆ ಕೆಡಿಸ್ಕೊಬೇಡಿ. ಇಲ್ಲಿನವರು ರೆಸಿಪಿ ಹೇಳೋದೇ ಊಟದ ಚಮಚ ಮತ್ತೆ ಪೇಪರ್ ಕಪ್ ಲೆಕ್ಕದಲ್ಲಿ. ನಾನು ಕೆಳಗೆ ಚಮಚ ಅಂದ್ರೆ ಊಟದ ದೊಡ್ಡ ಚಮಚ, ಕಪ್ ಅಂದ್ರೆ ಸುಮಾರು 200 ಎಂಎಲ್. ಅದರ ಮೇಲೆ ಸೊನ್‌ಮಾತ್ ಅಂತ ಒಂದಿದೆ, ಸೊನ್ ಅಂದ್ರೆ ಕೈ, ಮಾತ್ ಅಂದ್ರೆ ರುಚಿ. ಕೈರುಚಿ! ಅಕ್ಷರಕ್ಕಕ್ಷರ ನಮ್ಮ ಮಾತೇ.

ಅನ್ನ

ಬೇಗ ಮುಗಿಸ್ತೀನಿ. ಗಿಡ್ಡ, ದುಂಡು, ಅಂಟೋ ಅಕ್ಕಿ ಬೇಕು, ಸುಶಿ ಅಕ್ಕಿ ಅಂತ ಮಾರ್ತಾರಲ್ಲ ಅದೂ ಆಗುತ್ತೆ. ಮೂರು ನಾಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ನೀರು ಬಸಿದು, ಒಂದು ಕಪ್‌ಗೆ ಒಂದು ಕಪ್ಪಿಗಿಂತ ಚೂರೇ ಚೂರು ಜಾಸ್ತಿ ನೀರು. ಸೋನಾ ಮಸೂರಿ ಉದುರು ಉದುರಾಗಿ ಚಾಪ್‌ಸ್ಟಿಕ್ಕಿಂದ ಜಾರುತ್ತೆ, ಚಮಚದಲ್ಲಿ ತಿಂತೀನಿ ಅಂದ್ರೆ ನನ್ನದೇನೂ ತಕರಾರಿಲ್ಲ, ಕೊರಿಯನ್ನರೂ ಅನ್ನಕ್ಕೆ ಚಮಚಾನೇ ಬಳಸೋದು. ಎರಡನೇ ಸಲ ತೊಳೆದ ನೀರು ಮಾತ್ರ ಚೆಲ್ಬೇಡಿ, ಕೆಲಸ ಇದೆ ಅದಕ್ಕೆ.

ಕಿಮ್ಚಿ, ನಿಧಾನವಾಗಿ

ಇದನ್ನ ಭಾನುವಾರ ಇಟ್ಕೊಳ್ಳಿ. ಆಫೀಸಿಂದ ಬಂದು ರಾತ್ರಿ ಒಂಬತ್ತಕ್ಕೆ ಶುರು ಮಾಡಿದ್ರೆ ಅಳು ಬರುತ್ತೆ. ಬೇಕಾಗಿರೋದು 2 ಕೆಜಿ ಚೈನೀಸ್ ಕ್ಯಾಬೇಜ್, ಉದ್ದಕ್ಕಿರೋದು, ಸಿಗದಿದ್ರೆ ನಮ್ಮ ಗುಂಡು ಎಲೆಕೋಸಲ್ಲೂ ಕೊರಿಯನ್ನರು ಕಿಮ್ಚಿ ಮಾಡ್ತಾರೆ, ತುಂಡು ಮಾಡಿ ಹಾಕಿದ್ರಾಯ್ತು. ಕೋಸಿನ ಬುಡಕ್ಕೆ ಮಾತ್ರ ಚಾಕು ಹಾಕಿ ಸ್ವಲ್ಪ ಸೀಳಿ, ಉಳಿದಿದ್ದನ್ನ ಎರಡೂ ಕೈಯಲ್ಲಿ ಹಿಡಿದು ಹರೀರಿ, ಪೂರ್ತಿ ಚಾಕೂಲೇ ಕತ್ತರಿಸಿದ್ರೆ ಒಳಗಿನ ಎಳೇ ಎಲೆಗಳೆಲ್ಲ ಚೂರು ಚೂರಾಗಿ ಉದುರ್ತವೆ.

ಉಪ್ಪು ಅಂದ್ರೆ ಕಲ್ಲುಪ್ಪು, ಪುಡಿ ಉಪ್ಪಲ್ಲ. ಇಲ್ಲೂ ಸಮುದ್ರದ ನೀರು ಒಣಗಿಸಿದ ಹರಳು ಉಪ್ಪೇ, ನೈಋತ್ಯ ತುದಿಯ ಶಿನಾನ್ ದ್ವೀಪಗಳ ಉಪ್ಪು ಅದಕ್ಕೆ ಹೆಸರುವಾಸಿ. ಲೆಕ್ಕ ಸುಲಭ, ಕೋಸಿನ ತೂಕದ ಹತ್ತನೇ ಒಂದು ಭಾಗ, ಅಂದ್ರೆ 200 ಗ್ರಾಂ. ಅರ್ಧ ಉಪ್ಪನ್ನ ಒಂದು ಲೀಟರ್ ನೀರಲ್ಲಿ ಕರಗಿಸಿ ಕೋಸನ್ನ ಅದ್ದಿ, ಇನ್ನರ್ಧವನ್ನ ಎಲೆ ಎತ್ತಿ ಎತ್ತಿ ಬುಡದ ಬಿಳೀ ದಂಟಿನ ಹತ್ರ ಉದುರಿಸಿ, ತುದಿಗೆ ಬೇಡ, ತೆಳ್ಳಗಿರುತ್ತೆ, ತಾನೇ ಬಾಡುತ್ತೆ. ಆರರಿಂದ ಎಂಟು ಗಂಟೆ ಬಿಡಿ, ಮಧ್ಯೆ ಒಂದೆರಡು ಸಲ ಮೇಲಿಂದು ಕೆಳಗೆ ಮಾಡಿ. ಗಡಿಯಾರ ನೋಡೋದಕ್ಕಿಂತ ದಂಟು ನೋಡಿ. ದಪ್ಪ ದಂಟು ಒಂದನ್ನ ಹಿಡಿದು ಬಗ್ಗಿಸಿದ್ರೆ ಟಪ್ ಅಂತ ಮುರೀಬಾರ್ದು, ರಬ್ಬರ್ ಥರ ಮಡಚ್ಕೊಬೇಕು. ಮುರಿದ್ರೆ ಇನ್ನೊಂದು ಗಂಟೆ. ಆಮೇಲೆ ಮೂರು ನೀರಲ್ಲಿ ತೊಳೆದು, ದಂಟು ಒಂಚೂರು ಕಿತ್ತು ತಿಂದು ನೋಡಿ, ಹಪ್ಪಳದ ಹಿಟ್ಟಿನಷ್ಟು ಉಪ್ಪಿರ್ಬೇಕು, ಜಾಸ್ತಿ ಅನ್ಸಿದ್ರೆ ಇನ್ನೊಂದು ಸಲ ತೊಳೀರಿ. ಸೀಳಿದ ಭಾಗ ಕೆಳಗೆ ಮಾಡಿ ಜರಡೀಲಿ ಎರಡು ಗಂಟೆ ಬಸಿಯೋಕೆ ಇಡಿ. ಈ ಎರಡು ಗಂಟೇನ ನುಂಗಿಬಿಟ್ರೆ ಕಿಮ್ಚಿ ನೀರು ನೀರಾಗುತ್ತೆ, ನಂದು ಎರಡನೇ ಸಲ ಹಂಗೇ ಆಯ್ತು.

ಅದು ಬಸಿಯೋ ಹೊತ್ತಿಗೆ ಗಂಜಿ. ಹೌದು, ಕಿಮ್ಚಿಗೆ ಗಂಜಿ ಹಾಕ್ತಾರೆ. ಅಂಟಕ್ಕಿ ಹಿಟ್ಟು 2 ಚಮಚ, ನೀರು ಒಂದೂವರೆ ಕಪ್, ಗಂಟಿಲ್ಲದಂಗೆ ಕದಡಿ ಕಾಯಿಸಿ, ಅಂಬಲಿ ಹದಕ್ಕೆ ಬಂದ್ಮೇಲೆ ಪೂರ್ತಿ ತಣ್ಣಗಾಗ್ಬೇಕು. ಅಕ್ಕಿಹಿಟ್ಟಲ್ಲೂ ಆಗುತ್ತೆ. ಮಸಾಲೆ ಎಲೆಗೆ ಅಂಟ್ಕೊಳ್ಳೋಕೆ ಇದು, ಜೊತೆಗೆ ಹುಳಿ ಬರ್ಸೋ ಬ್ಯಾಕ್ಟೀರಿಯಾಕ್ಕೆ ಊಟಾನೂ ಹೌದು. ಇದಕ್ಕೆ ಗೊಚುಗಾರು ಒಂದು ಕಪ್, ಜಜ್ಜಿದ ಬೆಳ್ಳುಳ್ಳಿ 12 ಎಸಳು, ಹೆಬ್ಬೆಟ್ಟಿನಷ್ಟು ಶುಂಠಿ, ಅರ್ಧ ಈರುಳ್ಳಿ ಮತ್ತೆ ಅರ್ಧ ಪೇರ್ ಹಣ್ಣು ರುಬ್ಬಿದ್ದು, ಪೇರ್ ಇಲ್ದಿದ್ರೆ ಸೇಬು. ತಿನ್ನೋರಾದ್ರೆ ಮೀನಿನ ಸಾಸ್ ಕಾಲು ಕಪ್, ಉಪ್ಪಲ್ಲಿ ಹಾಕಿಟ್ಟ ಪುಟಾಣಿ ಸಿಗಡಿ 2 ಚಮಚ. ಕಲಸಿ ಅರ್ಧ ಗಂಟೆ ಬಿಟ್ರೆ ಪುಡಿ ನೆನೆದು ಬಣ್ಣ ಕಡುಗೆಂಪಾಗುತ್ತೆ, ಆಮೇಲೆ ಕಡ್ಡಿ ಕಡ್ಡಿಯಾಗಿ ಹೆಚ್ಚಿದ ಮೂಲಂಗಿ 300 ಗ್ರಾಂ, ಈರುಳ್ಳಿ ಸೊಪ್ಪು ಒಂದು ಹಿಡಿ ಸೇರ್ಸಿ.

ನಮ್ಮ ಥರ ಮೀನು ತಿನ್ನದಿರೋರಿಗೆ ಇಲ್ಲೊಂದು ಮಾತು. ಅಂಗಡೀಲಿ ಸಿಗೋ ಕಿಮ್ಚೀಲಿ ಬಹುಪಾಲು ಮೀನೋ ಸಿಗಡಿಯೋ ಇದ್ದೇ ಇರುತ್ತೆ, ಬರೀ ಕೋಸಲ್ವಾ ಅಂತ ತಿಂದ್ಬಿಡ್ಬೇಡಿ. ಮನೇಲಿ ಮಾಡುವಾಗ ಅದರ ಬದ್ಲು ಗುಕ್‌ಗಾನ್‌ಜಾಂಗ್ 4 ಚಮಚ ಹಾಕಿ, ಗಂಜಿ ಕಾಯ್ಸೋ ನೀರಲ್ಲಿ ಒಂದು ತುಂಡು ದಷಿಮಾ, ಅಂದ್ರೆ ಒಣಗಿದ ದಪ್ಪ ಸಮುದ್ರ ಪಾಚಿ, ಎರಡು ಒಣ ಶೀಟಾಕೆ ಅಣಬೆ ಕುದಿಸ್ಕೊಳ್ಳಿ. ಇಲ್ಲಿನ ಬೌದ್ಧ ಮಠಗಳಲ್ಲಿ ಮೀನು ಇಲ್ಲದ ಕಿಮ್ಚಿ ಮೊದಲಿಂದಾನೂ ಇದೆ, ಅವರು ಬೆಳ್ಳುಳ್ಳಿ, ಈರುಳ್ಳಿ ಜಾತಿಯವನ್ನೂ ಮುಟ್ಟಲ್ಲ. ಅವರಿಗೆ ನಿಷಿದ್ಧವಾದ ಐದು ಪದಾರ್ಥಗಳ ಪಟ್ಟೀಲಿ ಐದನೇದು ಯಾವ್ದು ಗೊತ್ತಾ? ಇಂಗು! ಕೊರಿಯಾದಲ್ಲಿ ಇಂಗು ಬೆಳೆಯೋದೇ ಇಲ್ಲ, ಹಳೇ ಗ್ರಂಥದಿಂದ ಪಟ್ಟಿ ಜೊತೆ ಬಂದಿರೋ ಹೆಸ್ರು. ನಾನು ಮೊದಲ್ನೇ ಕಿಮ್ಚಿಗೆ ಹಾಕಿದ್ದೂ ಅದನ್ನೇ.

ಈಗ ಗ್ಲೌಸ್ ಹಾಕ್ಕೊಂಡು ಒಂದೊಂದೇ ಎಲೆ ಬಿಡಿಸಿ ಮಸಾಲೆ ಸವರಿ, ದಂಟಿಗೆ ಜಾಸ್ತಿ, ಎಲೆಗೆ ಕೈಯಲ್ಲಿ ಉಳಿದಿದ್ದು ಒರೆಸಿದ್ರೆ ಸಾಕು. ಕೊನೇ ಹೊರಗಿನ ಎಲೇನ ಸುತ್ತಿ ಮಗೂನ ಬಟ್ಟೇಲಿ ಸುತ್ತಿದಂಗೆ ಗಂಟು ಮಾಡಿ ಡಬ್ಬದಲ್ಲಿ ಒತ್ತಿ ಒತ್ತಿ ಕೂರಿಸಿ, ಗಾಳಿ ಇರ್ಬಾರ್ದು, ಆದ್ರೆ ಡಬ್ಬ ಮುಕ್ಕಾಲು ಮಾತ್ರ ತುಂಬ್ಬೇಕು. ಯಾಕಂದ್ರೆ ಕೇಳಿ. ಜನವರಿ ಚಳೀಲಿ ನಾನು ಕಂಠಮಟ್ಟ ತುಂಬಿಸಿದ ಡಬ್ಬಾನ ರೂಮಿನ ಮೂಲೇಲಿ ನೆಲದ ಮೇಲಿಟ್ಟು ಮಲ್ಗಿದೆ, ಇಲ್ಲಿನ ಮನೆಗಳಿಗೆ ನೆಲದ ಕೆಳಗಿಂದ ಬಿಸಿ ಬರುತ್ತೆ ಅನ್ನೋದೇ ತಲೇಲಿಲ್ಲ. ಬೆಳಿಗ್ಗೆ ಎದ್ರೆ ಮುಚ್ಚಳ ಒಂದು ಕಡೆ, ಕೆಂಪು ನೀರು ಹಾಸಿಗೆ ಅಂಚಿನವರೆಗೂ. ಹಾಸಿಗೆ ಒಗೆಯೋಕೆ ಹಾಕಿದ್ದು ನೋಡಿ ಅಜ್ಜಿಗೆ ವಿಷ್ಯ ಗೊತ್ತಾಗಿ ನಕ್ಕಿದ್ದೂ ನಕ್ಕಿದ್ದೇ. ಬೇಸಿಗೇಲಿ, ಅಥವಾ ನಮ್ಮೂರ ಹವಾದಲ್ಲಿ, ಹೊರಗೆ ಒಂದು ದಿನ, ಚಳಿ ಇದ್ರೆ ಎರಡು ದಿನ. ಚಮಚದಲ್ಲಿ ಒತ್ತಿದ್ರೆ ಗುಳ್ಳೆ ಬರ್ಬೇಕು, ಮೂಗಿಗೆ ಸಣ್ಣ ಹುಳಿ ಬಡೀಬೇಕು, ಆಗ ಫ್ರಿಜ್ಜಿಗೆ. ಈ ಗುಳ್ಳೆ ಎಬ್ಬಿಸೋದು ಶುರುವಲ್ಲಿ ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ, ನಮ್ಮ ಇಡ್ಲಿ ಹಿಟ್ಟು ಉಬ್ಬೋಕೂ ಇದೇ ಜಾತಿ ಕಾರಣ. ಹಾಗಾಗಿ ಹಿಟ್ಟು ಹುಳಿ ಬಂದಿದ್ಯಾ ಅಂತ ಮೂಗಲ್ಲೇ ಹೇಳೋ ನಮ್ಮ ಅಮ್ಮಂದಿರಿಗೆ ಕಿಮ್ಚಿ ಹದ ಹೇಳ್ಕೊಡೋದೇ ಬೇಕಿಲ್ಲ. ರುಚಿ ಸರಿಯಾಗಿ ಕೂರೋದು ಎರಡು ವಾರ ಆದ್ಮೇಲೆ.

ನವೆಂಬರ್ ಕೊನೆ ಹೊತ್ತಿಗೆ ಇಲ್ಲಿ ಕಿಮ್‌ಜಾಂಗ್ ಅಂತ ನಡೆಯುತ್ತೆ, ಚಳಿಗಾಲಕ್ಕೆಲ್ಲ ಆಗೋಷ್ಟು ಕಿಮ್ಚಿ ಮನೆಮಂದಿ ನೆಂಟರು ಸೇರಿ ಒಟ್ಟಿಗೆ ಮಾಡೋದು, 2013ರಲ್ಲಿ ಯುನೆಸ್ಕೊ ಪಟ್ಟಿಗೆ ಹೋಗಿದ್ದು ಇದೇ. ನಮ್ಮಲ್ಲಿ ಬೇಸಿಗೇಲಿ ಹಪ್ಪಳ ಸಂಡಿಗೆ ಹಾಕೋಕೆ ಬೀದಿ ಹೆಂಗಸರೆಲ್ಲ ಸೇರ್ತಿದ್ರಲ್ಲ, ಆ ಗಲಾಟೇನೇ, ಚಳೀಲಿ. ಅಜ್ಜಿ ಅಂಗಳದಲ್ಲಿ ನೀಲಿ ಟಾರ್ಪಾಲ್ ಹಾಸಿ ನನ್ನನ್ನ ಕೋಸು ಹೊರೋಕೆ ಕರೀತಾರೆ, ಚೊಂಗ್ಗಾಕ್ ಚೊಂಗ್ಗಾಕ್ ಅಂತ, ಅಂದ್ರೆ ಮದ್ವೆ ಆಗದ ಹುಡುಗ, ಆ ಹೆಸರಿನ ಮೂಲಂಗಿ ಕಿಮ್ಚೀನೂ ಒಂದಿದೆ. ನನಗೆ ಅಂತ ಒಂದು ಕೋಸು ಸಿಗಡಿ ತಾಕದಂಗೆ ಪಕ್ಕಕ್ಕಿಡ್ತಾರೆ. ಬಾಯಿಬಿಟ್ಟು ಹೇಳಲ್ಲ, ಡಬ್ಬದ ಮೇಲೆ ಒಂದು ಹಸಿರು ಟೇಪ್ ಅಂಟಿಸಿರ್ತಾರೆ ಅಷ್ಟೇ.

ಮಜ್ಜಿಗೇಲಿ ಮ ತೆಗೆದ್ರೆ

ದ್ವೆನ್‌ಜಾಂಗ್ ಜ್ಜಿಗೆ. ಜ್ಜಿಗೆ ಅಂದ್ರೆ ಗಟ್ಟಿ ಸಾರು, ಕುದೀತಾ ಇರುವಾಗ್ಲೇ ಮಣ್ಣಿನ ಗಡಿಗೆ ಸಮೇತ ಟೇಬಲ್ಲಿಗೆ ಬರೋದು. ಕನ್ನಡದವರಿಗೆ ಹೆಸ್ರು ನೆನಪಿಟ್ಕೊಳ್ಳೋಕೆ ಕಷ್ಟಾನೇ ಇಲ್ಲ. ಮೊದಲ ವಾರ ಕೊರಿಯನ್ ಅಡಿಗೆ ಏನಾದ್ರೂ ಒಂದು ಮಾಡಿ ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು, 25 ನಿಮಿಷ, ಕೆಡೋಕೆ ಜಾಗಾನೇ ಇಲ್ಲ.

ಅಕ್ಕಿ ತೊಳೆದ ಎರಡನೇ ನೀರು ಎತ್ತಿಟ್ಟಿದ್ರಲ್ಲ, ಊರಲ್ಲಾದ್ರೆ ಅದು ಹಸುವಿನ ಬಾನಿಗೆ ಹೋಗೋ ಕಲಗಚ್ಚು, ಇಲ್ಲಿ ಅದೇ ಸಾರಿನ ತಳಪಾಯ, ಸಣ್ಣಗೆ ಗಂಜಿ ಅಂಶ ಇರೋದ್ರಿಂದ ಪೇಸ್ಟ್ ಚೆನ್ನಾಗಿ ಹೊಂದ್ಕೊಳ್ಳುತ್ತೆ. ಎರಡೂವರೆ ಕಪ್ ತಗೊಂಡು ಅಂಗೈ ಅಗಲ ದಷಿಮಾ, ಎರಡು ಒಣ ಅಣಬೆ ಹಾಕಿ ಕುದಿಸಿ, ಕುದಿ ಬಂದ ತಕ್ಷಣ ದಷಿಮಾ ತೆಗೀರಿ, ಬಿಟ್ರೆ ಲೋಳೆ ಬಿಡುತ್ತೆ. ಮೀನು ತಿನ್ನೋರು ಒಣಗಿದ ಆಂಚೊವಿ ಏಳೆಂಟು ಹಾಕ್ತಾರೆ, ತಲೆ ಮತ್ತೆ ಹೊಟ್ಟೆ ಒಳಗಿನ ಕಪ್ಪು ಕಿತ್ತು ಬಿಸಾಕಿ, ಇಲ್ಲಾಂದ್ರೆ ಕಹಿ. ಹತ್ತು ನಿಮಿಷ ಆದ್ಮೇಲೆ ಎಲ್ಲಾ ಸೋಸಿ, ಅಣಬೆ ಮಾತ್ರ ಹೆಚ್ಚಿ ವಾಪಸ್ ಹಾಕಿ. ಆಲೂಗೆಡ್ಡೆ ಒಂದು, ಈರುಳ್ಳಿ ಅರ್ಧ, ಜುಕಿನಿ ಅರ್ಧ, ಜುಕಿನಿ ಇಲ್ದಿದ್ರೆ ಎಳೇ ಸೋರೆಕಾಯಿ ಹಾಕಿ ನೋಡಿದೀನಿ, ಪರ್ವಾಗಿಲ್ಲ. ಆಲೂ ಬೆಂದ ಮೇಲೆ ಜಾಲರಿ ಸೌಟನ್ನ ಸಾರಿನೊಳಗೆ ಅರ್ಧ ಮುಳುಗಿಸಿ ಅದರಲ್ಲಿ ದ್ವೆನ್‌ಜಾಂಗ್ 2 ಚಮಚ ಇಟ್ಟು ಚಮಚದಲ್ಲಿ ಉಜ್ಜಿ ಕದಡಿ, ಹುಣಸೆಹಣ್ಣು ಕಿವುಚಿದಂಗೆ. ಆಮೇಲೆ ಟೋಫು, ಅಂದ್ರೆ ಸೋಯಾ ಪನೀರ್, ಅರ್ಧ ಪ್ಯಾಕೆಟ್ ದಪ್ಪ ದಪ್ಪ ತುಂಡು, ಜಜ್ಜಿದ ಬೆಳ್ಳುಳ್ಳಿ ಅರ್ಧ ಚಮಚ, ಹಸಿಮೆಣಸಿನಕಾಯಿ ಒಂದು, ಈರುಳ್ಳಿ ಸೊಪ್ಪು, ಎರಡು ನಿಮಿಷ, ಮುಗೀತು. ಒಂದು ಹನಿ ಎಣ್ಣೆ ಇಲ್ಲ, ಉಪ್ಪೂ ಇಲ್ಲ, ಪೇಸ್ಟಲ್ಲೇ ಬೇಕಾದಷ್ಟಿದೆ. ಹಳ್ಳಿ ಕಡೆ ಮನೇಲಿ ಮಾಡಿದ ದ್ವೆನ್‌ಜಾಂಗ್ ಸಿಕ್ರೆ ಒಂದೂವರೆ ಚಮಚಕ್ಕೇ ನಿಲ್ಸಿ, ಉಪ್ಪು ಜಾಸ್ತಿ. ಅದು ಎಷ್ಟು ಕುದಿದ್ರೆ ಅಷ್ಟು ರುಚಿ, ಫ್ಯಾಕ್ಟರೀದು ಜಾಸ್ತಿ ಕುದಿದ್ರೆ ಹುಳಿ ಒಡ್ಯುತ್ತೆ, ಅದನ್ನ ಆಲೂ ಬೆಂದಾದ್ಮೇಲೇ ಕದಡಿ.

ಸೊಪ್ಪು, ಮೊಳಕೆ, ಆಮೇಲೆ ಬಿಬಿಂಬಪ್

ಬಿಬಿಂಬಪ್ ಅಂತ ಹೋಟ್ಲಲ್ಲಿ ದೊಡ್ಡದಾಗಿ ಕೊಡ್ತಾರೆ, ಚೊಂಜು ಊರಿನದ್ದು ಜಗತ್ಪ್ರಸಿದ್ಧ, ಆದ್ರೆ ಮನೇಲಿ ಅದು ಉಳಿದ ಪಲ್ಯಗಳನ್ನ ಅನ್ನದ ಮೇಲೆ ಹಾಕಿ ಕಲಸೋದು. ಪಲ್ಯ ಅಂದ್ರೆ ನಮುಲ್. ನಮುಲ್ ಕಲ್ತ್ರೆ ಬಿಬಿಂಬಪ್ ತಾನಾಗೇ ಬರುತ್ತೆ.

ಪಾಲಕ್ ಒಂದು ದೊಡ್ಡ ಕಟ್ಟು, ಬೇರಿನ ಹತ್ರದ ಕೆಂಪು ಬುಡ ಕತ್ತರಿಸ್ಬೇಡಿ, ಸಿಹಿ ಇರೋದೇ ಅಲ್ಲಿ, ಸೀಳಿ ತೊಳೀರಿ ಅಷ್ಟೇ. ಕುದಿಯೋ ಉಪ್ಪುನೀರಲ್ಲಿ 30 ಸೆಕೆಂಡು. ಮಾತಾಡ್ತಾ ನಿಂತ್ರೆ ಹೋಯ್ತು, ಸೊಪ್ಪು ಸಾರಾಗುತ್ತೆ. ತಣ್ಣೀರಿಗೆ ಹಾಕಿ, ಎರಡೂ ಅಂಗೈ ಮಧ್ಯೆ ಉಂಡೆ ಮಾಡಿ ಹಿಂಡಿ. ಹಿಂಡೋದು ಎಷ್ಟು ಅನ್ನೋದೇ ಇಲ್ಲಿ ಕಸುಬು, ಸಾಲದಿದ್ರೆ ತಟ್ಟೇಲಿ ನೀರು ನಿಲ್ಲುತ್ತೆ, ಜಾಸ್ತಿ ಆದ್ರೆ ಹುಲ್ಲು ಅಗಿದಂಗಿರುತ್ತೆ. ನನ್ನ ಲೆಕ್ಕ ಏನಂದ್ರೆ ನೀರು ಧಾರೆ ನಿಂತು ಹನಿ ಶುರುವಾದಾಗ ಕೈ ಬಿಡೋದು. ಬಿಡಿಸಿ, ಗುಕ್‌ಗಾನ್‌ಜಾಂಗ್ ಒಂದು ಟೀ ಚಮಚ, ಉಪ್ಪು ಚಿಟಿಕೆ, ಬೆಳ್ಳುಳ್ಳಿ ಒಂದೇ ಎಸಳು ಜಜ್ಜಿದ್ದು, ಎಳ್ಳೆಣ್ಣೆ ಒಂದು ಚಮಚ, ಹುರಿದ ಎಳ್ಳನ್ನ ಬೆರಳಲ್ಲಿ ತಿಕ್ಕಿ ಉದುರಿಸಿ ಕೈಯಲ್ಲೇ ಕಲಸಿ. ಸೋಜು ಬಾಟ್ಲಿ ಎಣ್ಣೆ ಮೊದಲ್ನೇ ಸಲ ಸರಿಯಾಗಿ ಉಪಯೋಗಕ್ಕೆ ಬಂದಿದ್ದು ನಂಗೆ ಇದರಲ್ಲೇ.

ಸೋಯಾ ಮೊಳಕೆ ಕೊಂಗ್‌ನಮುಲ್‌ಗೆ ಒಂದೇ ಕಟ್ಟಳೆ. ಮೊಳಕೆ 300 ಗ್ರಾಂ, ನೀರು ಅರ್ಧ ಕಪ್, ಉಪ್ಪು, ಮುಚ್ಚಳ ಮುಚ್ಚಿ ಬೇಯಿಸೋದಾದ್ರೆ ಬೇಯೋವರೆಗೂ ತೆಗೀಲೇಬಾರ್ದು, ತೆಗೆದು ಬೇಯಿಸೋದಾದ್ರೆ ಮೊದಲಿಂದಾನೇ ತೆಗೆದಿಡಿ. ಅರ್ಧದಲ್ಲಿ ಇಣುಕಿದ್ರೆ ಹಸಿ ಕಾಳಿನ ನಾತ ಹಿಡ್ಕೊಳ್ಳುತ್ತೆ. ನಂಬಿಕೆ ಇಲ್ಲ ಅಂದ್ರೆ ಒಂದ್ಸಲ ಇಣುಕಿ ನೋಡಿ, ನಾನೂ ನೋಡಿದೀನಿ. ಐದಾರು ನಿಮಿಷ ಸಾಕು, ಆಮೇಲೆ ಪಾಲಕ್ ಥರಾನೇ ಕಲಸೋದು. ಮೊಳಕೆ ಬಾಲ ಕಿತ್ತು ಹಾಕೋ ಸಂಪ್ರದಾಯ ಬೇರೆ ಇದೆ, ಟಿವಿ ಮುಂದೆ ಕೂತು ಇಬ್ರು ಮೂವರು ಮಾಡೋ ಕೆಲಸ, ಥೇಟ್ ಅವರೆಕಾಳು ಹಿತುಕೋದು. ಒಬ್ಬರೇ ಇದ್ರೆ ಬಿಟ್ಬಿಡಿ.

ಕ್ಯಾರೆಟ್, ಅಣಬೆ ಬೇರೆ ಬೇರೆಯಾಗಿ ಚೂರು ಎಣ್ಣೇಲಿ ಬಾಡ್ಸಿ, ಒಟ್ಟಿಗೆ ಹಾಕ್ಬೇಡಿ, ಒಂದೊಂದರ ರುಚಿ ಒಂದೊಂದು ಕಡೆ ನಿಲ್ಲೋದೇ ಇದರ ಚೆಂದ. ಸಾಸಿಗೆ ಗೊಚುಜಾಂಗ್ 2 ಚಮಚ, ಎಳ್ಳೆಣ್ಣೆ 1, ಸಕ್ಕರೆ ಅರ್ಧ, ನೀರು 1. ಹೋಟ್ಲಲ್ಲಿ ಕೊಡೋ ಬಿಸಿ ಕಲ್ಲಿನ ಬಟ್ಟಲು ಇಲ್ಲ ಅಂತ ಕೊರಗ್ಬೇಡಿ, ಕಬ್ಬಿಣದ ಬಾಣಲೆಗೆ ಎಳ್ಳೆಣ್ಣೆ ಸವರಿ ಅನ್ನ ಹರಡಿ ಮೇಲೆ ನಮುಲ್ ಜೋಡಿಸಿ ಸಣ್ಣ ಉರೀಲಿ ಬಿಟ್ರೆ ಐದು ನಿಮಿಷದಲ್ಲಿ ಚಿಟಚಿಟ ಅನ್ನುತ್ತೆ, ತಳ ಹಿಡಿದ ಆ ಅನ್ನಕ್ಕೆ ನುರುಂಗ್‌ಜಿ ಅಂತ ಹೆಸ್ರು, ಎಲ್ಲರೂ ಕಿತ್ತಾಡೋದು ಅದಕ್ಕೇ. ಮೊಟ್ಟೆ ತಿನ್ನೋರು ಮೇಲೊಂದು ಒಡೆದು ಹಾಕ್ಕೊಳ್ಳಿ.

ಮಿಯೊಕ್‌ಗುಕ್ ಮಾಡೋರಿಗೆ ಒಂದೇ ಎಚ್ಚರಿಕೆ, ಒಣ ಪಾಚಿ ನಾಕು ಜನಕ್ಕೆ 20 ಗ್ರಾಂ ಅಂದ್ರೆ 20 ಗ್ರಾಂ ಅಷ್ಟೇ. ನೋಡೋಕೆ ಒಂದು ಹಿಡಿ ಕಸದಂಗಿರುತ್ತೆ ಅಂತ ನಾನು ಇಡೀ ಪ್ಯಾಕೆಟ್ ನೆನೆಹಾಕಿದೆ, ಪಾತ್ರೆ ತುಂಬಿ ಬಕೆಟ್ಟಿಗೆ ಹಾಕ್ಬೇಕಾಯ್ತು. ಪರೀಕ್ಷೆ ದಿನ ಮಕ್ಕಳಿಗೆ ಇದನ್ನ ಕೊಡಲ್ಲ ಇಲ್ಲಿ, ಜಾರುತ್ತೆ, ಮಾರ್ಕ್ಸೂ ಜಾರುತ್ತೆ ಅಂತ.

ಕಿಮ್ಚಿ ತೀರಾ ಹುಳಿ ಆದ್ಮೇಲೆ

ಒಂದು ತಿಂಗಳು ದಾಟಿದ ಕಿಮ್ಚಿ ಹಂಗೇ ತಿನ್ನೋಕೆ ಹುಳಿ ಅನ್ಸುತ್ತೆ, ಎಸೀಬೇಡಿ, ಅದರ ಅಸಲಿ ಕೆಲಸ ಶುರುವಾಗೋದೇ ಆಗ. ಎಣ್ಣೇಲಿ ಬಾಡ್ಸಿ ನೀರು, ಟೋಫು ಹಾಕಿ ಕುದಿಸಿದ್ರೆ ಕಿಮ್ಚಿ ಜ್ಜಿಗೆ, ಅನ್ನ ಹಾಕಿ ಹುರಿದ್ರೆ ಕಿಮ್ಚಿ ಚಿತ್ರಾನ್ನ ಅನ್ಕೊಳ್ಳಿ. ನನಗೆ ಇಷ್ಟ ಬಿಂದೆತ್ತೊಕ್, ಹಿಟ್ಟು ರುಬ್ಬಿ ಕಾವಲೀಲಿ ಮಾಡೋ ದಪ್ಪ ರೊಟ್ಟಿ. ರಾಜಧಾನಿ ಸೋಲ್‌ನ ಗ್ವಾಂಗ್‌ಜಾಂಗ್ ಮಾರ್ಕೆಟ್ ಇದಕ್ಕೇ ಫೇಮಸ್ಸು, ಬೀಸೋ ಕಲ್ಲು ತಿರುಗ್ತಾ ಹಿಟ್ಟು ಸುರೀತಿರುತ್ತೆ, ಪಕ್ಕದಲ್ಲೇ ಹೆಂಗಸರು ಎಣ್ಣೇಲಿ ಚೊಯ್ಯ್ ಅನ್ನಿಸ್ತಿರ್ತಾರೆ. ನೋಡಿದ ತಕ್ಷಣ ಊರು ನೆನಪಾಗೋದು ಯಾಕಂದ್ರೆ ಅದು ಹೆಸರುಬೇಳೆ. ಇಲ್ಲಿ ಮಳೆ ಬಂದ್ರೆ ಜನ ಇಂಥ ರೊಟ್ಟಿ ನೆನೆಸ್ಕೊತಾರೆ, ನಮಗೆ ಬಜ್ಜಿ ನೆನಪಾದಂಗೆ.

ಹೆಸರುಬೇಳೆ ಒಂದು ಕಪ್, ಅಕ್ಕಿ 2 ಚಮಚ, ನಾಕು ಗಂಟೆ ನೆನೆಸಿ ಕಮ್ಮಿ ನೀರಲ್ಲಿ ತರಿಯಾಗಿ ರುಬ್ಬಿ, ದೋಸೆಗಿಂತ ಗಟ್ಟಿ, ವಡೆಗಿಂತ ತೆಳು. ಹುಳಿ ಕಿಮ್ಚಿ ಒಂದು ಕಪ್ ಹಿಂಡಿ ಹೆಚ್ಚಿ ಹಾಕಿ, ಹಿಂಡಿದ ರಸ ಎರಡು ಚಮಚ ಹಿಟ್ಟಿಗೇ ಬೀಳ್ಲಿ. ಹೆಸರುಕಾಳಿನ ಮೊಳಕೆ ಒಂದು ಹಿಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ್ದು, ಈರುಳ್ಳಿ ಸೊಪ್ಪು. ಉಪ್ಪನ್ನ ಕಾವಲಿಗೆ ಹಾಕೋ ಮುಂಚೆ ಮಾತ್ರ ಸೇರ್ಸಿ, ಮೊದಲೇ ಹಾಕಿಟ್ರೆ ಹಿಟ್ಟು ನೀರಾಗುತ್ತೆ. ಇಲ್ಲಿ ಮಾತ್ರ ಎಣ್ಣೆಗೆ ಕೈ ಬಿಗಿ ಹಿಡೀಬೇಡಿ, ಕಾವಲಿ ತುಂಬ ಬಿಟ್ಟು, ಬೆರಳು ದಪ್ಪಕ್ಕೆ ಹರಡಿ, ಮಧ್ಯಮ ಉರೀಲಿ ಅಂಚು ಕಂದಾಗೋವರೆಗೂ ಮುಟ್ಟದೆ ಬಿಡಿ, ಆಮೇಲೆ ಒಂದೇ ಸಲ ಮಗುಚಿ. ನಾಕು ಸಲ ಮಗುಚೋರ ಕೈಲಿ ಉಪ್ಪಿಟ್ಟಾಗುತ್ತೆ.

ಕಳೆದ ವಾರ ಮಳೆ ಬಂದಾಗ ಎರಡು ಮಾಡಿ ಅದೇ ಹಳೇ ಬಟ್ಟಲಿನ ಜೊತೆ ಕೆಳಗೆ ಕೊಟ್ಟು ಬಂದೆ. ಅಜ್ಜಿ ತಿಂದ್ರು, ನೀರು ಕೇಳ್ಲಿಲ್ಲ. ಉಪ್ಪು ಸಾಲ್ದು, ಅದ್ದೋಕೆ ಸಾಸೆಲ್ಲಿ ಅಂದ್ರು. ಮೇಲೆ ಓಡಿ ಹೋಗಿ ಕಲಸ್ಕೊಂಡು ಬಂದೆ, ಅದರ ಅಳತೆ ಬರ್ಕೊಳ್ಳಿ: ಸೋಯಾ ಸಾಸ್ 2 ಚಮಚ, ವಿನೆಗರ್ 1, ನೀರು 1, ಸಕ್ಕರೆ ಚಿಟಿಕೆ, ಗೊಚುಗಾರು ಅರ್ಧ ಟೀ ಚಮಚ, ಹಸಿ ಈರುಳ್ಳಿ ತೆಳ್ಳಗೆ ಸೀಳಿದ್ದು ಒಂದು ಹಿಡಿ, ಹತ್ತು ನಿಮಿಷ ನೆನೀಲಿ.